ಬೇರಿನ ತುದಿ ಕತ್ತರಿಸುವ ಮುನ್ನ: ಹೈದರಾಬಾದಿನ ಕನ್ನಡಿಗ ದಂತವೈದ್ಯರಿಗೆ ಬಹಿರಂಗ ಪತ್ರ

ಪ್ರಿಯ ವೈದ್ಯ ಮಿತ್ರರೇ,

ನಿಮ್ಮಲ್ಲಿ ಹಲವರು ಕಲಬುರಗಿ, ರಾಯಚೂರು, ಬೀದರ್, ಬೆಂಗಳೂರಿನ ಕಾಲೇಜುಗಳಲ್ಲಿ ಓದಿ ಈ ಊರಿಗೆ ಬಂದವರು. ಕೆಲವರು ಇಲ್ಲಿಯೇ ಹುಟ್ಟಿ, ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕಲಿತು, ಅಫ್ಜಲ್‌ಗಂಜ್‌ನ ಸರ್ಕಾರಿ ದಂತ ಕಾಲೇಜಿನಿಂದ ಹೊರಬಂದವರು. ಕನ್ನಡ ಮಾತಾಡುವ ಡಾಕ್ಟರು ಎಂದು ಗೊತ್ತಾದರೆ ಸಾಕು, ಜಹೀರಾಬಾದ್, ನಾರಾಯಣಖೇಡ, ಹುಮನಾಬಾದ್, ಸೇಡಂ ಕಡೆಯ ಜನ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಹುಮನಾಬಾದ್, ಸೇಡಂ ಕಡೆಯವರ ಅಜ್ಜಂದಿರಿಗೂ 1956ರವರೆಗೆ ಹೈದರಾಬಾದೇ ರಾಜಧಾನಿಯಾಗಿತ್ತು. ದೊಡ್ಡ ಕಾಯಿಲೆಗೆ ಇಲ್ಲಿಗೆ ಬರುವ ರೂಢಿ ಇನ್ನೂ ಹೋಗಿಲ್ಲ. ಬೆಳಗಿನ ಬಸ್ಸಿಗೆ ಇಮ್ಲಿಬನ್ ನಿಲ್ದಾಣದಲ್ಲಿ ಇಳಿದು, ಊದಿದ ಕೆನ್ನೆಗೆ ಟವೆಲ್ ಒತ್ತಿಕೊಂಡು, ಸಂಜೆಯ ಬಸ್ಸಿಗೆ ವಾಪಸ್ ಹೋಗಬೇಕೆನ್ನುವ ಅವಸರದಲ್ಲಿ ನಿಮ್ಮ ಕುರ್ಚಿಯಲ್ಲಿ ಕೂರುವವರು ಅವರು. ಅವರ ಪರವಾಗಿ ಈ ಪತ್ರ.

ನಾನು ಕೇಳುವುದು ಇಷ್ಟೇ. ಕೆಳದವಡೆಯ ಹಿಂಬದಿ ಹಲ್ಲುಗಳ ಬೇರಿನ ಶಸ್ತ್ರಚಿಕಿತ್ಸೆಯನ್ನು ಬರೀ ಚಪ್ಪಟೆ ಎಕ್ಸ್‌ರೇ ನಂಬಿಕೊಂಡು ಕೈಗೆತ್ತಿಕೊಳ್ಳಬೇಡಿ. ಆ ಜಾಗದ ಸಣ್ಣ ಸಿಬಿಸಿಟಿ (ಮೂರು ಆಯಾಮದ ಎಕ್ಸ್‌ರೇ) ಸ್ಕ್ಯಾನ್ ಮಾಡಿಸಿ. ಮಾಡಿಸಿದ್ದನ್ನು ನೀವೇ ಕಂಪ್ಯೂಟರಿನ ಮುಂದೆ ಕೂತು ನೋಡಿ, ಅಳೆಯಿರಿ. ಕತ್ತರಿಸಬೇಡ ಎಂದು ಸ್ಕ್ಯಾನ್ ಹೇಳಿದರೆ ಆ ಮಾತನ್ನೂ ಕೇಳಿ.

ವೈದ್ಯರಲ್ಲದವರೂ ಇದನ್ನು ಓದುತ್ತಾರೆಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೂಟ್ ಕೆನಾಲ್ ಆದ ಮೇಲೂ ಕೆಲವು ಹಲ್ಲುಗಳ ಬೇರಿನ ತುದಿಯಲ್ಲಿ ಸೋಂಕು ಉಳಿಯುತ್ತದೆ. ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು, ಕೀವು ಹೋಗಿ, ಮತ್ತೆ ಏಳುತ್ತದೆ. ಮೊದಲು ಮಾಡಬೇಕಾದ್ದು ಹಳೆಯದನ್ನು ತೆಗೆದು ಮತ್ತೊಮ್ಮೆ ರೂಟ್ ಕೆನಾಲ್. ಒಳಗೆ ಫೈಲ್ ಮುರಿದು ಕೂತಿದ್ದರೆ, ಪೋಸ್ಟ್ ತೆಗೆದರೆ ಬೇರೇ ಸೀಳುವಂತಿದ್ದರೆ, ಆ ದಾರಿ ಮುಚ್ಚುತ್ತದೆ. ಆಗ ಒಸಡು ಬಿಡಿಸಿ, ಮೂಳೆಯಲ್ಲಿ ಕಿಂಡಿ ಕೊರೆದು, ಬೇರಿನ ತುದಿಯನ್ನು 3 ಮಿ.ಮೀ.ನಷ್ಟು ಕತ್ತರಿಸಿ ತೆಗೆಯುತ್ತೇವೆ. ಕತ್ತರಿಸಿದ ಮುಖದಿಂದ ಬೇರಿನೊಳಕ್ಕೆ ಇನ್ನೊಂದು 3 ಮಿ.ಮೀ. ಸ್ವಚ್ಛಮಾಡಿ ಎಂಟಿಎಯಂಥ ಸಿಮೆಂಟ್ ತುಂಬುತ್ತೇವೆ. ನಾವು ಅಪೈಸೆಕ್ಟಮಿ ಎನ್ನುವುದು ಇದನ್ನೇ. ಮುಂದಿನ ಹಲ್ಲುಗಳಲ್ಲಿ ಇದು ಹೆಚ್ಚು ತಾಪತ್ರಯದ ಕೆಲಸವಲ್ಲ. ಕೆಳದವಡೆಯ ಹಿಂಬದಿಯಲ್ಲಿ ಮಾತ್ರ ಪರಿಸ್ಥಿತಿ ಬೇರೆ.

ಅಲ್ಲಿ ಮೂಳೆಯೊಳಗೆ ಒಂದು ನಾಳ ಹರಿದಿದೆ. ಅದರಲ್ಲಿ ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರವಿದೆ. ಮೊದಲ ದವಡೆ ಹಲ್ಲಿನ ಬೇರುಗಳಿಗೂ ಆ ನಾಳಕ್ಕೂ ಸಾಮಾನ್ಯವಾಗಿ ಸಾಕಷ್ಟು ಅಂತರ ಇರುತ್ತದೆ. ಎರಡನೆಯದಕ್ಕೆ ಬಂದರೆ ಆ ಅಂತರ ಕಿರಿದಾಗುತ್ತದೆ, ಕೆಲವರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು. ಅದರ ಮೇಲೆ ಎರಡನೇ ದವಡೆ ಹಲ್ಲಿನ ಬೇರುಗಳು ನಾಲಿಗೆಯ ಕಡೆಗೆ ಒತ್ತಿಕೊಂಡಿರುತ್ತವೆ. ನಾವು ಕೊರೆಯಬೇಕಾದ ಕೆನ್ನೆಯ ಕಡೆ ದಪ್ಪ ಮೂಳೆಯ ಏಣು ಅಡ್ಡ ನಿಂತಿರುತ್ತದೆ. ಎಷ್ಟೋ ಜನರಲ್ಲಿ ಆರೇಳು ಮಿಲಿಮೀಟರ್ ಗಟ್ಟಿ ಮೂಳೆ ಕೊರೆದ ಮೇಲೆ ಬೇರು ಸಿಗುತ್ತದೆ. ಆಚೆ, ನಾಲಿಗೆಯ ಕಡೆಯ ಗೋಡೆ ತೆಳು. ಅದನ್ನು ದಾಟಿದರೆ ದವಡೆಯ ಕೆಳಗಿನ ಮೃದು ಜಾಗ. ಅಲ್ಲಿ ಸೋಂಕು ಹರಡಿದರೆ ಲುಡ್ವಿಗ್ ಆಂಜೈನಾ ಆಗಿ ಉಸಿರಿಗೇ ಸಂಚಕಾರ ಬರುತ್ತದೆ ಎಂಬುದನ್ನು ನಿಮಗೆ ಹೇಳಬೇಕಿಲ್ಲ.

ಇಷ್ಟೆಲ್ಲ ಇರುವ ಜಾಗವನ್ನು ಆರ್‌ವಿಜಿ (ಡಿಜಿಟಲ್ ಎಕ್ಸ್‌ರೇ) ಅಥವಾ ಸಣ್ಣ ಫಿಲ್ಮ್ ಒಂದೇ ಹಾಳೆಯ ಮೇಲೆ ಒತ್ತಿ ತೋರಿಸುತ್ತದೆ. ಕೆನ್ನೆಯ ಕಡೆಯದು, ನಾಲಿಗೆಯ ಕಡೆಯದು, ನಡುವಿನದು ಎಲ್ಲ ಒಂದರ ಮೇಲೊಂದು. ಟ್ಯೂಬನ್ನು ಸ್ವಲ್ಪ ಮೇಲೆ ಕೆಳಗೆ ಓರೆ ಮಾಡಿದರೂ ಬೇರಿನ ತುದಿ ನರದ ನಾಳದಿಂದ ದೂರ ಸರಿದಂತೆ ಕಾಣಬಹುದು, ಅದರೊಳಗೆ ಇಳಿದಂತೆಯೂ ಕಾಣಬಹುದು. ಎರಡೂ ದವಡೆ ಒಟ್ಟಿಗೆ ತೋರಿಸುವ ಓಪಿಜಿ ಎಕ್ಸ್‌ರೇಯಲ್ಲಿ ಹಿಗ್ಗುವಿಕೆ ಬೇರೆ ಸೇರಿಕೊಳ್ಳುತ್ತದೆ. 1961ರಲ್ಲಿ ಅಮೆರಿಕದ ಬೆಂಡರ್ ಮತ್ತು ಸೆಲ್ಟ್ಜರ್ ಒಣ ದವಡೆಯ ಮೂಳೆಗಳಲ್ಲಿ ತಾವೇ ಗುಳಿ ಕೊರೆದು ಎಕ್ಸ್‌ರೇ ತೆಗೆದು ನೋಡಿದರು. ಗುಳಿ ಒಳಗಿನ ಜಾಳು ಮೂಳೆಯಲ್ಲೇ ಉಳಿದಿದ್ದಾಗ ಫಿಲ್ಮಿನಲ್ಲಿ ಏನೂ ಕಾಣಲಿಲ್ಲ. ಹೊರಗಿನ ಗಟ್ಟಿ ಪದರಕ್ಕೆ ತಾಗಿದ ಮೇಲಷ್ಟೇ ಕಂಡಿತು. ಕೆಳದವಡೆಯ ಹಿಂಬದಿಯಲ್ಲಿ ಆ ಗಟ್ಟಿ ಪದರ ಎಲ್ಲಕ್ಕಿಂತ ದಪ್ಪ. ಅಂದರೆ ಚಪ್ಪಟೆ ಚಿತ್ರ ನಮ್ಮನ್ನು ಕೈಬಿಡುವುದು ನಮಗೆ ಅದು ಎಲ್ಲಿ ಹೆಚ್ಚು ಬೇಕೋ ಅಲ್ಲೇ. ಅರವತ್ತು ವರ್ಷ ಹಿಂದೆ ಗೊತ್ತಾದ ಸಂಗತಿ ಇದು. ಆಗ ಬೇರೆ ಉಪಾಯ ಇರಲಿಲ್ಲ, ಈಗ ಇದೆ.

ಸಿಬಿಸಿಟಿ ನಿನ್ನೆ ಮೊನ್ನೆ ಬಂದದ್ದೇನಲ್ಲ. ಇಟಲಿಯ ವೆರೋನಾದಲ್ಲಿ ಮೊಜ್ಜೊ ಮತ್ತು ಸಂಗಡಿಗರು 1998ರಲ್ಲಿ, ಜಪಾನಿನಲ್ಲಿ ಅರಾಯ್ ಮತ್ತು ಸಂಗಡಿಗರು 1999ರಲ್ಲಿ ಇಂಥ ಯಂತ್ರಗಳನ್ನು ವಿವರಿಸಿದರು. ಅಮೆರಿಕದ ಎಂಡೊಡಾಂಟಿಸ್ಟರ ಸಂಘವೂ ಬಾಯಿ-ಮುಖದ ರೇಡಿಯಾಲಜಿ ಅಕಾಡೆಮಿಯೂ 2015ರಲ್ಲಿ ಪರಿಷ್ಕರಿಸಿದ ಜಂಟಿ ಹೇಳಿಕೆಯಲ್ಲಿ ಎರಡು ಮಾತು ಸ್ಪಷ್ಟವಾಗಿವೆ. ಮೊದಲ ತಪಾಸಣೆಗೆ ಸಾಮಾನ್ಯ ಸಣ್ಣ ಎಕ್ಸ್‌ರೇಯೇ ಸಾಕು. ಶಸ್ತ್ರಚಿಕಿತ್ಸೆಗೆ ಮುನ್ನ ಬೇರಿನ ತುದಿ ಎಲ್ಲಿದೆ, ಪಕ್ಕದಲ್ಲಿ ಏನೇನಿದೆ ಎಂದು ತಿಳಿಯಲು ಸಣ್ಣ ವ್ಯಾಪ್ತಿಯ ಸಿಬಿಸಿಟಿಯನ್ನು ಪರಿಗಣಿಸಬೇಕು. ನನಗೆ ಈ ಎರಡೂ ಮಾತು ಒಪ್ಪಿಗೆ. ಮೊದಲನೆಯದನ್ನು ಮರೆತು ಹಲ್ಲುನೋವು ಎಂದವರಿಗೆಲ್ಲ ಸ್ಕ್ಯಾನ್ ಬರೆಯುವುದೂ ತಪ್ಪು, ಎರಡನೆಯದನ್ನು ಮರೆತು ಖರ್ಚು ಉಳಿಸಿದೆ ಎಂದು ಬ್ಲೇಡು ಹಿಡಿಯುವುದೂ ತಪ್ಪು.

ಒಂದು ಕೇಸನ್ನು ಹತ್ತಿರದಿಂದ ನೋಡೋಣ. ಜಹೀರಾಬಾದ್ ಕಡೆಯ ಶಾಲೆಯೊಂದರ ಮೇಷ್ಟ್ರು. ಎಡಗಡೆಯ ಕೆಳಗಿನ ಎರಡನೇ ದವಡೆ ಹಲ್ಲು, ಅಂದರೆ ನಮ್ಮ ಲೆಕ್ಕದಲ್ಲಿ 37. ರೂಟ್ ಕೆನಾಲ್ ಎರಡು ಸಲ ಆಗಿದೆ, ಮೇಲೆ ಮೆಟಲ್ ಕ್ಯಾಪ್. ಆದರೂ ಕಚ್ಚಿದರೆ ನೋವು, ಮಳೆಗಾಲದಲ್ಲಿ ಬಾವು. "ಹಲ್ಲು ಉಳಿತದೇನ್ರಿ ಡಾಕ್ಟ್ರೇ, ಇಲ್ಲ ತೆಗೆಸಬೇಕೇನ್ರಿ?" ಎಂದು ಕೇಳಿದರು. ಚಿಕ್ಕ ಫಿಲ್ಮಿನಲ್ಲಿ ಬೇರಿನ ತುದಿಗೆ ಕಪ್ಪು ನೆರಳು. ಅದರ ಕೆಳಗೆ ನೆಮ್ಮದಿ ಎನಿಸುವಷ್ಟು ಮೂಳೆ. ಆಮೇಲೆ ನರದ ನಾಳದ ಮಸುಕು ಗೆರೆ. ಫಿಲ್ಮ್ ಒಂದನ್ನೇ ನೋಡಿದ ಯಾರಾದರೂ ಅಪೈಸೆಕ್ಟಮಿ ಮಾಡಬಹುದು ಎನ್ನುತ್ತಿದ್ದರು.

ಸ್ಕ್ಯಾನ್ ತೆರೆದು ದವಡೆಗೆ ಅಡ್ಡಲಾಗಿ ಸೀಳಿದ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಹೋದಾಗ ಬೇರೆಯದೇ ಹಲ್ಲು ಕಂಡಿತು. ನಾಳದ ಮೇಲ್ಛಾವಣಿಗೂ ಬೇರಿನ ತುದಿಗೂ ನಡುವೆ ಒಂದು ಮಿಲಿಮೀಟರ್ ಕೂಡ ಇರಲಿಲ್ಲ. ಕೆನ್ನೆಯ ಕಡೆ ಎಂಟು ಮಿಲಿಮೀಟರ್ ಮೂಳೆ. ನಾಲಿಗೆಯ ಕಡೆಯ ಗೋಡೆಯನ್ನು ಸೋಂಕು ಆಗಲೇ ಕೊರೆದು ತೆಳುಮಾಡಿತ್ತು. ಎಂಟು ಮಿಲಿಮೀಟರ್ ಆಳದ ಬಾವಿ ತೋಡಿ, ಅದರ ತಳದಲ್ಲಿ ನರದ ಪಕ್ಕಕ್ಕೇ ಬರ್ ತಿರುಗಿಸುವ ಕೆಲಸ ಅದು. ಅದೇ ಸ್ಕ್ಯಾನ್ ಇನ್ನೊಂದು ದಾರಿಯನ್ನೂ ತೋರಿಸಿತು. ಎರಡು ಬೇರುಗಳೂ ಒಂದಕ್ಕೊಂದು ಬೆಸೆದು, ಕೆಳಗೆ ಹೋಗುತ್ತ ಸಪೂರವಾಗಿ, ಒಂದೇ ಮೊಳೆಯಂತಿದ್ದವು. ಅಂಥ ಹಲ್ಲು ಮುರಿಯದೆ ಇಡಿಯಾಗಿ ಹೊರಬರುತ್ತದೆ. ಹಾಗಾಗಿ ಹಲ್ಲನ್ನೇ ಮೆಲ್ಲಗೆ ಕಿತ್ತು, ಸಲೈನಿನಲ್ಲಿ ಒದ್ದೆಯಾಗಿಟ್ಟುಕೊಂಡೇ ತುದಿ ಕತ್ತರಿಸಿ, ತುಂಬಿ, ಕೆಲವೇ ನಿಮಿಷಗಳಲ್ಲಿ ಮತ್ತೆ ಅದೇ ಕುಳಿಯಲ್ಲಿ ಕೂರಿಸಿದ್ದಾಯಿತು. ಬೇಕೆಂದೇ ಕಿತ್ತು ಮರುನಾಟಿ ಮಾಡುವ ಈ ವಿಧಾನ ಬಹಳ ಹಳೆಯದು. ಕೊನೆಯ ಉಪಾಯ ಎಂದು ಮೂಲೆಗೆ ತಳ್ಳಿದ್ದನ್ನು ಈಗ ಎರಡನೇ ದವಡೆ ಹಲ್ಲಿಗೆ ಮತ್ತೆ ನೆನೆಯುತ್ತಿದ್ದಾರೆ. ಮೇಷ್ಟ್ರ ತುಟಿಗೆ ಏನೂ ಆಗಲಿಲ್ಲ. ಚಿತ್ರ ಕತ್ತರಿಸುವ ಜಾಗವನ್ನಷ್ಟೇ ತೋರಿಸಲಿಲ್ಲ, ಇಲ್ಲಿ ಕತ್ತರಿಸಬೇಡ ಎಂದೂ ಹೇಳಿತು.

ಹೀಗೆ ನೋಡದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ. ಬೇರೆಲ್ಲೋ ಶಸ್ತ್ರಚಿಕಿತ್ಸೆ ಆದ ಮೇಲೆ ಒಬ್ಬ ಗೃಹಿಣಿ ನನ್ನ ಬಳಿ ಬಂದಿದ್ದರು. ಕೈಯಲ್ಲಿದ್ದ ಫೈಲಿನಲ್ಲಿ ಒಂದೇ ಒಂದು ಚಪ್ಪಟೆ ಎಕ್ಸ್‌ರೇ. "ತುಟಿ ಜೋಮು ಹಿಡದಂಗ ಆಗ್ಯಾದ್ರಿ, ಬಿಡವಲ್ದು" ಎಂದರು. ಬಿಸಿ ಚಹಾ ತಾಗಿದರೆ ಗೊತ್ತಾಗುವುದಿಲ್ಲ. ಊಟ ಮಾಡುವಾಗ ಅನ್ನದ ಅಗುಳು ಗದ್ದಕ್ಕೆ ಅಂಟಿಕೊಂಡಿದ್ದರೆ ಎದುರಿಗೆ ಕೂತವರು ಹೇಳಬೇಕು. ಹಾಗಾಗಿ ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಇಂಥ ಜೋಮು ಬಹಳ ಮಂದಿಯಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತದೆ, ಕೆಲವರಲ್ಲಿ ಇಳಿಯುವುದಿಲ್ಲ. ಸ್ಕ್ಯಾನ್ ಮಾಡಿಸಿದ್ದರೆ ಆಗುತ್ತಲೇ ಇರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಹೀಗೂ ಆಗಬಹುದು ಎಂದು ಆಕೆಗೆ ಮೊದಲೇ ಯಾರೂ ಹೇಳಿರಲಿಲ್ಲ. ತುದಿಗೂ ನರಕ್ಕೂ ಎಷ್ಟು ಅಂತರ ಎಂದು ತಾವೇ ಅಳೆಯದವರು ಹೇಳುವುದಾದರೂ ಹೇಗೆ?

ಇನ್ನು ಸ್ಕ್ಯಾನ್ ಬರೆಯುವ ರೀತಿ. ಇಂಪ್ಲಾಂಟ್ ಕೆಲಸದ ಭರಾಟೆಯಲ್ಲಿ ಮೇಲೆ ಕೆಳಗೆ ಎರಡೂ ದವಡೆಯ ಪೂರ್ತಿ ಸ್ಕ್ಯಾನ್ ಬರೆಯುವುದು ರೂಢಿಯಾಗಿದೆ. ಒಂದು ಹಲ್ಲಿನ ಬೇರಿಗೆ ಅದು ಬೇಡ. ವ್ಯಾಪ್ತಿ ದೊಡ್ಡದಾದಷ್ಟೂ ವಿಕಿರಣ ಹೆಚ್ಚು, ಸಾಮಾನ್ಯವಾಗಿ ಚಿತ್ರದ ಕಣವೂ ದಪ್ಪ. ಸುಮಾರು 5 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಸಣ್ಣ ವ್ಯಾಪ್ತಿ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ವಾಕ್ಸೆಲ್ (ಚಿತ್ರದ ಕಣ) ಕೇಳಿ. ಮೊದಲ ದವಡೆ ಹಲ್ಲಿನ ಮುಂಬೇರಿನಲ್ಲಿ ಎರಡು ಕಾಲುವೆಗಳನ್ನು ಕೂಡಿಸುವ ಸಣ್ಣ ಸೀಳುದಾರಿ, ಕೆಲವರಲ್ಲಿ ನಾಲಿಗೆಯ ಕಡೆ ಅಡಗಿ ಕೂತ ಮೂರನೇ ಬೇರು, ಇವೆಲ್ಲ ಕಂಡರೆ ಆ ಸೂಕ್ಷ್ಮತೆಯಲ್ಲೇ ಕಾಣಬೇಕು. ಆ ಸೀಳುದಾರಿಯನ್ನು ಬಿಟ್ಟು ಎರಡು ಕಾಲುವೆಯ ಬಾಯಿಗಳನ್ನಷ್ಟೇ ಮುಚ್ಚಿದರೆ ಸೋಂಕು ನಡುವಿನಿಂದ ಹೊರಬರುತ್ತದೆ, ಮಾಡಿದ ಶಸ್ತ್ರಚಿಕಿತ್ಸೆ ವ್ಯರ್ಥ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸ್ಕ್ಯಾನ್ ನಮ್ಮ ಕೈಗೆ ತಲುಪುವ ರೂಪ. ದೊಡ್ಡ ಫಿಲ್ಮಿನ ಮೇಲೆ ಅಚ್ಚು ಹಾಕಿದ ಹತ್ತು ಹನ್ನೆರಡು ಚಿತ್ರ, ಅಥವಾ ಅದರ ಫೋಟೋ ವಾಟ್ಸಾಪಿನಲ್ಲಿ. ಆ ಹನ್ನೆರಡನ್ನು ಆರಿಸಿದ್ದು ಯಾರು? ನೀವಲ್ಲ. ನಿಮಗೆ ಬೇಕಾದ ಸೀಳು ಹದಿಮೂರನೆಯದಾಗಿದ್ದರೆ? ಸ್ಕ್ಯಾನ್ ಸೆಂಟರಿನವರಿಂದ ಸ್ಕ್ಯಾನಿನ ಮೂಲ ಡೈಕಾಮ್ ಫೈಲುಗಳನ್ನೇ ಪೆನ್‌ಡ್ರೈವಿನಲ್ಲೋ ಲಿಂಕಿನಲ್ಲೋ ಕೇಳಿ ಪಡೆಯಿರಿ. ನೋಡಲು ಉಚಿತ ಸಾಫ್ಟ್‌ವೇರ್‌ಗಳೂ ಇವೆ. ಮೇಲಿನಿಂದ ಕೆಳಕ್ಕೆ ಅಡ್ಡ ಸೀಳುಗಳಲ್ಲಿ ಇಳಿಯುತ್ತ ಬೇರು ಎಷ್ಟು, ಕಾಲುವೆ ಎಷ್ಟು, ತುಂಬದೆ ಬಿಟ್ಟದ್ದು ಇದೆಯೇ ನೋಡಿ. ತುಂಬದ ಕಾಲುವೆ ಸಿಕ್ಕರೆ ಬ್ಲೇಡು ಬದಿಗಿಡಿ. ಮತ್ತೆ ರೂಟ್ ಕೆನಾಲ್ ಮಾಡಿದರೆ ಮುಗಿಯಬಹುದು. ಆಮೇಲೆ ದವಡೆಯ ಬಾಗಿಗೆ ಲಂಬವಾಗಿ ಸೀಳನ್ನು ತಿರುಗಿಸಿಕೊಂಡು, ತುದಿಯಿಂದ 3 ಮಿ.ಮೀ. ಮೇಲೆ ಕೆನ್ನೆಯ ಕಡೆಯ ಮೂಳೆ ಎಷ್ಟು ದಪ್ಪ, ತುದಿಯಿಂದ ನಾಳದ ಛಾವಣಿಗೆ ಎಷ್ಟು, ನಾಲಿಗೆಯ ಕಡೆ ಎಷ್ಟು ಉಳಿದಿದೆ ಎಂದು ಅಳೆದು ಬರೆದುಕೊಳ್ಳಿ. ಮೊದಲ ದವಡೆ ಹಲ್ಲಾದರೆ ಮುಂದೆ ನರ ಹೊರಬರುವ ಮೆಂಟಲ್ ಫೊರಾಮೆನ್ ಎಲ್ಲಿದೆ ಎಂದೂ ಗುರುತಿಸಿ, ಒಸಡಿನ ನೆಟ್ಟಗಿನ ಕೊಯ್ತವನ್ನು ಅದರಿಂದ ದೂರ ಇಡಿ. ರೇಡಿಯಾಲಜಿಸ್ಟರ ವರದಿ ಬೇಕೇ ಬೇಕು. ಆದರೆ ಕೈಯಲ್ಲಿ ಬರ್ ಹಿಡಿಯುವವರು ನೀವು.

ಇಲ್ಲಿ ಒಂದು ಎಚ್ಚರಿಕೆ. ಮೆಟಲ್ ಕ್ಯಾಪ್, ಪೋಸ್ಟ್, ಬೇರಿನೊಳಗೆ ತುಂಬಿದ ಗಟ್ಟಾ ಪರ್ಚಾ, ಇವುಗಳ ಸುತ್ತ ಸಿಬಿಸಿಟಿಯಲ್ಲಿ ಕಪ್ಪು ಗೆರೆಗಳು ಬೀಳುತ್ತವೆ. ಆ ಗೆರೆ ನೋಡಿ ಬೇರು ಸೀಳಿದೆ, ಕೀಳಿಸಿ ಎಂದು ತೀರ್ಪು ಕೊಟ್ಟ ಹಲ್ಲುಗಳು ಬಹಳ. ಬೇರಿನ ಬಿರುಕನ್ನು ಒಂದೇ ಕಡೆ ಆಳಕ್ಕಿಳಿಯುವ ಪ್ರೋಬ್ ಹೇಳಬೇಕು, ಬಿರುಕಿನ ಉದ್ದಕ್ಕೂ ಕರಗಿದ ಮೂಳೆ ಹೇಳಬೇಕು, ಕೊನೆಗೆ ಒಸಡು ಬಿಡಿಸಿ ಮೈಕ್ರೋಸ್ಕೋಪಿನಡಿ ಕಣ್ಣಾರೆ ನೋಡಬೇಕು. ಸ್ಕ್ಯಾನ್ ಹೇಳಲಾರದ ಇನ್ನೊಂದೂ ಇದೆ, ನಮ್ಮ ಸೀಮೆಯಲ್ಲಿ ಅದು ಸಣ್ಣದಲ್ಲ. ಗುಟ್ಕಾ, ಅಡಿಕೆ ಅಗಿದು ಅಗಿದು ಬಾಯಿ ಬಿಗಿದುಕೊಂಡವರು ಎಷ್ಟೊಂದು ಜನ ಬರುತ್ತಾರೆ ನೋಡಿ. ಮೂಳೆಯ ಲೆಕ್ಕವೆಲ್ಲ ಸರಿಹೋದರೂ ಬಾಯೊಳಗೆ ಮೂರು ಬೆರಳು ಇಳಿಯದವರಲ್ಲಿ ಎರಡನೇ ದವಡೆ ಹಲ್ಲಿನ ಬೇರನ್ನು ಮುಟ್ಟುವುದು ಕಷ್ಟ. ಸ್ಕ್ಯಾನ್ ಬರೆಯುವ ಮೊದಲೇ ಆ ಮೂರು ಬೆರಳಿನ ಪರೀಕ್ಷೆ ಆಗಲಿ, ಬಡವರ ದುಡ್ಡು ಉಳಿಯುತ್ತದೆ.

ವಿಕಿರಣದ ಭಯ ರೋಗಿಗಳಿಗೂ ಇದೆ, ನಿಮ್ಮಲ್ಲಿ ಕೆಲವರಿಗೂ ಇದೆ. ಇರಬೇಕಾದ್ದೇ. 1896ರ ಜನವರಿಯಲ್ಲಿ ಜರ್ಮನಿಯ ಒಟ್ಟೊ ವಾಲ್ಕಾಫ್ ತಮ್ಮದೇ ಹಲ್ಲುಗಳ ಎಕ್ಸ್‌ರೇ ತೆಗೆಯಲು 25 ನಿಮಿಷ ಕಿರಣಕ್ಕೆ ಒಡ್ಡಿಕೊಂಡಿದ್ದರು. ಅಮೆರಿಕದ ದಂತವೈದ್ಯ ಎಡ್ಮಂಡ್ ಕೆಲ್ಸ್ ಎಕ್ಸ್‌ರೇಯ ಕೆಲಸದಲ್ಲೇ ಬೆರಳುಗಳನ್ನು, ಆಮೇಲೆ ತೋಳನ್ನು ಕಳೆದುಕೊಂಡರು. ಇಂದಿನ ಲೆಕ್ಕ ಬೇರೆ. ಒಂದು ಸಣ್ಣ ಎಕ್ಸ್‌ರೇಗೆ ಕೆಲವೇ ಮೈಕ್ರೊಸೀವರ್ಟ್, ಓಪಿಜಿಗೆ ಹತ್ತಿಪ್ಪತ್ತು, ಸಣ್ಣ ವ್ಯಾಪ್ತಿಯ ಸಿಬಿಸಿಟಿಗೆ ಯಂತ್ರ ಮತ್ತು ಸೆಟ್ಟಿಂಗ್ ನೋಡಿಕೊಂಡು ಹತ್ತಾರರಿಂದ ನೂರು ದಾಟುವವರೆಗೂ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ತಾನಾಗಿ ತಾಗುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2,400 ಮೈಕ್ರೊಸೀವರ್ಟ್. ಶಸ್ತ್ರಚಿಕಿತ್ಸೆ ಎದುರಿಗಿರುವ ವಯಸ್ಕರಿಗೆ ಒಂದು ಸ್ಕ್ಯಾನಿನ ಲಾಭ ಆ ಅಪಾಯಕ್ಕಿಂತ ಖಂಡಿತ ಹೆಚ್ಚು. ಮಕ್ಕಳಲ್ಲಿ ಕೈ ಬಿಗಿಹಿಡಿಯಿರಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಅನುಮತಿ ಇಲ್ಲದ ಸೆಂಟರಿಗೆ ಯಾರನ್ನೂ ಕಳಿಸಬೇಡಿ.

"ನಮ್ಮ ಗುರುಗಳು ಇದ್ಯಾವುದೂ ಇಲ್ಲದೆ ಮಾಡಲಿಲ್ಲವೇ?" ಎಂದು ಕೆಲವರು ಕೇಳುತ್ತೀರಿ. ಮಾಡಿದರು. ಫಲಿತಾಂಶವೂ ದಾಖಲಾಗಿದೆ. ಸೆಟ್ಜರ್ ಮತ್ತು ಸಂಗಡಿಗರು 2010ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಹಳೆಯ ಪದ್ಧತಿಯ ಬೇರುತುದಿ ಶಸ್ತ್ರಚಿಕಿತ್ಸೆ ಶೇ. 59ರಷ್ಟು, ಮೈಕ್ರೋಸ್ಕೋಪ್, ಅಲ್ಟ್ರಾಸಾನಿಕ್ ತುದಿ, ಹೊಸ ಸಿಮೆಂಟುಗಳ ಪದ್ಧತಿ ಶೇ. 94ರಷ್ಟು ಗೆದ್ದಿತ್ತು. ಈ ವ್ಯತ್ಯಾಸ ಸ್ಕ್ಯಾನಿನದಲ್ಲ, ಉಪಕರಣ ಮತ್ತು ಕೈಯದು. ಆದರೆ ನಾಲ್ಕೈದು ಮಿಲಿಮೀಟರಿನ ಸಣ್ಣ ಕಿಂಡಿಯಲ್ಲಿ ಕೆಲಸ ಮಾಡುವ ಆ ಪದ್ಧತಿಗೆ ಕಿಂಡಿ ಎಲ್ಲಿ ತೆರೆಯಬೇಕೆಂದು ಮೊದಲೇ ಗೊತ್ತಿರಬೇಕು. ದಪ್ಪ ಮೂಳೆಯ ಮೇಲೆ ಅಂದಾಜಿನಲ್ಲಿ ಹುಡುಕುತ್ತ ಹೋದರೆ ಕಿಂಡಿ ಹೊಂಡವಾಗುತ್ತದೆ. ಈಗ ಸ್ಕ್ಯಾನಿನಿಂದಲೇ ತ್ರೀಡಿ ಪ್ರಿಂಟ್ ಮಾಡಿದ ಗೈಡ್ ಹಲ್ಲಿನ ಮೇಲೆ ಕೂರಿಸಿ ಕೊರೆಯುವುದೂ ಸಾಧ್ಯ. ಎಲ್ಲರಿಗೂ ಅದು ಬೇಕಿಲ್ಲ, ಅಳತೆ ಮಾತ್ರ ಎಲ್ಲರಿಗೂ ಬೇಕು.

ಒಂದೇ ಕಡೆಯಿಂದ ನೋಡಿದರೆ ಎಂಥ ತಪ್ಪಾಗಬಹುದು ಎಂಬುದಕ್ಕೆ ಈ ಊರಿನದೇ ಒಂದು ಕಥೆ ಇದೆ. ಅಫ್ಜಲ್‌ಗಂಜ್ ಆಸ್ಪತ್ರೆಯ ವೈದ್ಯ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ, ಆರನೇ ನಿಜಾಮರ ನೆರವಿನಿಂದ, ಅರಿವಳಿಕೆಗೆ ಬಳಸುತ್ತಿದ್ದ ಕ್ಲೋರೋಫಾರ್ಮಿನ ಪರೀಕ್ಷೆಗೆ ಎರಡು ಆಯೋಗ ನಡೆಸಿದರು. ಉಸಿರಾಟ ಗಮನಿಸಿದರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂಬುದು ಅವರ ತೀರ್ಮಾನ. ನೂರಾರು ಪ್ರಯೋಗ, ಪ್ರಾಮಾಣಿಕ ದುಡಿಮೆ, ಲಂಡನ್ನಿನಿಂದ ಬಂದ ತಜ್ಞರ ಒಪ್ಪಿಗೆ, ಎಲ್ಲ ಇತ್ತು. 1911ರಲ್ಲಿ ಗುಡ್‌ಮನ್ ಲೆವಿ ಹಗುರ ಕ್ಲೋರೋಫಾರ್ಮಿನಲ್ಲಿ ಹೃದಯ ಥಟ್ಟನೆ ನಡುಗಿ ನಿಲ್ಲಬಹುದು ಎಂದು ತೋರಿಸಿದರು. ಲಾರಿಯವರು ಶ್ರದ್ಧೆಯಿಂದಲೇ ನೋಡಿದ್ದರು, ಒಂದೇ ಕಡೆಯಿಂದ ನೋಡಿದ್ದರು. ನಿಮ್ಮಲ್ಲಿ ಎಷ್ಟೋ ಮಂದಿ ಓದಿದ್ದು ಅದೇ ಅಫ್ಜಲ್‌ಗಂಜ್‌ನಲ್ಲಿ.

ಕೊನೆಯದಾಗಿ ನನ್ನ ಕೋರಿಕೆ. ಮುಂದಿನ ಸಲ 36, 37, 46, 47ರ, ಅಂದರೆ ಕೆಳಗಿನ ಮೊದಲ ಮತ್ತು ಎರಡನೇ ದವಡೆ ಹಲ್ಲುಗಳ, ಬೇರಿನ ಶಸ್ತ್ರಚಿಕಿತ್ಸೆ ಯೋಚಿಸುವಾಗ ರೆಫರಲ್ ಚೀಟಿಯಲ್ಲಿ ಹಲ್ಲಿನ ನಂಬರು, ಸಣ್ಣ ವ್ಯಾಪ್ತಿ, ಡೈಕಾಮ್ ಕೊಡಿ ಎಂಬ ಮೂರನ್ನೂ ಬರೆಯಿರಿ. ಸ್ಕ್ಯಾನ್ ಬಂದ ಮೇಲೆ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದು ನಿಮ್ಮ ಬೇರು, ಇದು ನಿಮ್ಮ ತುಟಿಯ ನರ, ನಡುವೆ ಇಷ್ಟೇ ಜಾಗ ಎಂದು ಅವರ ಭಾಷೆಯಲ್ಲಿ ತೋರಿಸಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ, ಅದರಲ್ಲಿ ತುಟಿಯ ಜೋಮಿನ ಮಾತು ಇರಲಿ. ಜಾಗ ಸಾಲದು ಎನಿಸಿದರೆ, ಆ ಕೆಲಸ ದಿನವೂ ಮಾಡುವವರಿಗೆ ಕಳಿಸಿಕೊಡಿ. ನಿಮ್ಮನ್ನು ನಂಬಿ ಬಸ್ ಹತ್ತಿ ಬಂದವರಿಗೆ ಇಷ್ಟು ಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಹಿರಿಯ ಸಹೋದ್ಯೋಗಿ
ಹೈದರಾಬಾದ್